ಗೊಂಬೆಗಳ ಸಾಲಿನಲ್ಲಿ ಅದಿರಿನ ಲಾರಿ

ದಸರೆಗೆ ಗೊಂಬೆ ಕೂರಿಸಿದ ಮೆಟ್ಟಿಲುಗಳ ಮೇಲೆ, ಬೀದಿಯ ಅದಿರಿನ ಲಾರಿಗಳಿಂದ ಬಂದು ಕೂತ ಕೆಂಪು ಧೂಳನ್ನು ಒರೆಸುತ್ತಿದ್ದೆ. “ನಿಮ್ಮ ಅತ್ತಿಯವರು ಸಂಡೂರು ಬಸ್ ಇಳದ್ರು ನೋಡ್ರಿ!” ಎಂದು ಪಕ್ಕದ ಮನೆಯಾಕೆ ಕಿಟಕಿಯಿಂದ ಕೂಗಿದರು. ಅತ್ತೆ ಮರುದಿನ ಬರುವವರಿದ್ದರು. ಒರೆಸುವ ಬಟ್ಟೆ ಬಿಟ್ಟು ಗಡಬಡಿಸಿ ಎದ್ದೆ.

ಕಾರಣ, ಕೆಳಗಿನ ಮೆಟ್ಟಿಲು. ನಲವತ್ತು ದಾಟಿದ ನಾನು ಆ ವಾರವೆಲ್ಲ ಸಣ್ಣ ಹುಡುಗಿಯಂತೆ ಆಡಿದ್ದೆ. ಬೆಂಕಿಪೊಟ್ಟಣಗಳನ್ನು ಅಂಟಿಸಿ ಅದಿರಿನ ಲಾರಿ ಮಾಡಿ, ದಿನಾ ಒರೆಸುವ ಅದೇ ಧೂಳನ್ನು ಗೋಂದಿನಲ್ಲಿ ಕಲಸಿ ಬಣ್ಣ ಹಚ್ಚಿದ್ದೆ. ಲಾರಿಯ ಹಿಂದೆ ಹಳೆಯ ರವಿಕೆ ಬಟ್ಟೆಯಲ್ಲಿ ಹೊಲಿದ ಒಬ್ಬ ಹೆಂಗಸು, ಕೈಯಲ್ಲಿ ಕಸಬರಿಗೆ. ಅತ್ತೆಯವರು ತವರಿಂದ ತಂದ ಪಟ್ಟದ ರಾಜ-ರಾಣಿ ಕೂತ ಕಡೆ ಇಂಥದ್ದಕ್ಕೆ ಜಾಗ ಸಿಕ್ಕೀತೆ? ತೆಗೆದಿಡಲು ಕೈ ಚಾಚುವಷ್ಟರಲ್ಲಿ ಅವರು ಒಳಗೆ ಬಂದೇಬಿಟ್ಟರು.

ಕಾಲು ತೊಳೆದು ಬಂದು, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಯಾರವಾ ಇಕಿ?”

“ನಾನೇ ರೀ, ಅತ್ತಿ.”

“ದೇವರ ಮುಂದೂ ಕಸಬರಿಗಿ ಬಿಡಂಗಿಲ್ಲೇನ ನೀನು? ಒಂಬತ್ತು ದಿನ ಆದ್ರೂ ಕುಂದ್ರಲಿ ಬಿಡು ಆಕಿ.”

ಹಾಗೆಂದವರೇ ಅಡುಗೆಮನೆಯಿಂದ ಖಾಲಿ ಬೆಂಕಿಪೊಟ್ಟಣ ತಂದು, ಅದನ್ನೇ ಮಣೆ ಮಾಡಿ, ಗೊಂಬೆಯ ಕಾಲು ಮಡಚಿ ತಾವೇ ಕೂರಿಸಿದರು.

ಆ ಮಣೆ ಇಂದಿಗೂ ನಮ್ಮ ಗೊಂಬೆ ಪೆಟ್ಟಿಗೆಯಲ್ಲಿದೆ. ಬೈಗುಳ ಬೀಳಬೇಕಿದ್ದ ಕಡೆ ಭಗವಂತ ಮಣೆ ಹಾಕಿಸಿದ. ಆ ದಿನ ನಾನೂ ಅತ್ತೆಯ ಪಕ್ಕ ಒಂದು ಗಳಿಗೆ ಸುಮ್ಮನೆ ಕುಳಿತೆ. ಆಮೇಲೆ ಎದ್ದು, ಬಟ್ಟೆ ಹಿಂಡಿಕೊಂಡು, ಉಳಿದ ಮೆಟ್ಟಿಲು ಒರೆಸಿದೆ.