ಬಾಯಿ ಮುಚ್ಚಿ ಮಾಡುವ ಶಬ್ದ

ಅಥವಾ ಆ ಶಬ್ದವನ್ನು ನಾನು ತರಗತಿಯಲ್ಲಿ ಕೇಳಿಯೇ ಇಲ್ಲವೇನೋ. ಇಷ್ಟು ದಿನ ಎಲ್ಲರಿಗೂ ಹೇಳುತ್ತ ಬಂದದ್ದು ಹೀಗೆ: ನಾನು ಶಾಲೆಯ ಹಿಂದಿನ ಕಿಟಕಿಯ ಹತ್ತಿರ ನಿಂತಿದ್ದೆ, ಒಳಗೆ ಮಗಳು ಕನ್ನಡ ಪಾಠ ಓದುತ್ತಿದ್ದಳು, ಅವಳು ತಡವರಿಸಿದ ಕಡೆಯೆಲ್ಲ ಆ ಶಬ್ದ ಎದ್ದಿತು. ಹೆಂಡತಿ ಇದನ್ನು ಒಪ್ಪುವುದಿಲ್ಲ. ಆ ದಿನಗಳಲ್ಲಿ ನಾನು ಶಾಲೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ, ಬೆಳ್ಳಾರೆಯ ಚಪ್ಪಲಿ ಅಂಗಡಿ ಬಿಟ್ಟು ಏಳುತ್ತಿರಲಿಲ್ಲ, ಮಗಳೇ ಮನೆಯಲ್ಲಿ ಮಾಡಿ ತೋರಿಸಿದ್ದು ಎನ್ನುತ್ತಾಳೆ. ಹಾಗಿದ್ದರೆ ಆ ಕಿಟಕಿ ಎಲ್ಲಿಂದ ಬಂತು? ಅದರ ಸರಳುಗಳಿಗೆ ಹಸಿರು ಬಣ್ಣ ಇದ್ದದ್ದೂ ನೆನಪಿದೆ. ನೆನಪು ಇಷ್ಟು ಚೊಕ್ಕವಾಗಿ ಬಣ್ಣ ಬಳಿದುಕೊಂಡು ಬಂದಾಗ ನನಗೆ ಅದರ ಮೇಲೆ ಅನುಮಾನ ಹುಟ್ಟುತ್ತದೆ.

ಶಬ್ದ ಮಾತ್ರ ನಿಜ. ತುಟಿ ಮುಚ್ಚಿ ಮೂಗಿನಲ್ಲಿ ಎಳೆಯುವ ಸಣ್ಣ ಗುಂಯ್. ಯಾರ ಬಾಯಿಯೂ ಅಲುಗುವುದಿಲ್ಲ, ಎಲ್ಲರ ಕಣ್ಣೂ ಪುಸ್ತಕದ ಮೇಲೆಯೇ ಇರುತ್ತದೆ. ಟೀಚರ್ ಎಡಕ್ಕೆ ತಿರುಗಿದರೆ ಶಬ್ದ ಬಲಕ್ಕೆ ಸರಿಯುತ್ತದೆ. ಮಗಳು ಚಿಕ್ಕಂದಿನಲ್ಲಿ ಗಲ್ಫಿನ ಶಾಲೆಯಲ್ಲಿ ಓದಿದವಳು. ನಾವು ಅಲ್ಲಿಂದ ಮರಳಿ ಅಂಗಡಿ ಹಾಕಿದಾಗ ಅವಳನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸಿದೆವು. ಲೆಕ್ಕದಲ್ಲಿ, ವಿಜ್ಞಾನದಲ್ಲಿ ಚುರುಕು. ಕನ್ನಡ ಓದುವಾಗ ಮಾತ್ರ, ಒತ್ತಕ್ಷರ ಬಂದಲ್ಲಿ, ತೋಡು ದಾಟುವ ಸಂಕದ ಮರಕ್ಕೆ ಕಾಲಿಡುವ ಮುಂಚೆ ನಿಲ್ಲುವವರ ಹಾಗೆ ಒಂದು ಕ್ಷಣ ನಿಲ್ಲುತ್ತಿದ್ದಳು. ಆ ಕ್ಷಣವನ್ನು ತರಗತಿ ತುಂಬಿಸುತ್ತಿತ್ತು. ಎಂಟನೆಯ ತರಗತಿಯ ನಡುವೆ ಅವಳಿಗೆ ಕನ್ನಡ ಪೀರಿಯಡ್ ಇದ್ದ ದಿನ ಹೊಟ್ಟೆನೋವು ಶುರುವಾಯಿತು. ಕನ್ನಡ ಪೀರಿಯಡ್ ದಿನಾ ಇರುತ್ತದೆ. ಸ್ವಲ್ಪ ಕಾಲದಲ್ಲಿ ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಳು. ಇನ್ನು ಮುಂದೆ ಹೋಗುವುದೇ ಇಲ್ಲ, ಮನೆಯಲ್ಲಿಯೇ ಇರುತ್ತೇನೆ ಎಂದಳು. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳದೆ ಹೇಳಿದಳು.

ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ, ಈ ಕಡೆಯ ಮುಸ್ಲಿಮರ ಮಾತು. ಅಪ್ಪನನ್ನು ಕರೆಯುವ ‘ಉಪ್ಪ’ ಒಂದನ್ನು ಬಿಟ್ಟರೆ ಇಲ್ಲಿ ನಮ್ಮ ಮಾತುಗಳೆಲ್ಲ ಕನ್ನಡದಲ್ಲಿವೆ. ಹಾಗಾಗಿ ಅವು ಬರೆಯುವ ಮೊದಲೇ ಒಂದು ಸುತ್ತು ಬದಲಾದ ಮಾತುಗಳು.

ಸರ್ಕಾರದ ಬಗ್ಗೆ ಆಗ ನನಗಿದ್ದ ಅಭಿಪ್ರಾಯವನ್ನೂ ಹೇಳಬೇಕು. ಆ ವರ್ಷದ ಆರಂಭದಲ್ಲಿ ಶಾಲೆಯಲ್ಲೊಂದು ಕಾರ್ಯಕ್ರಮವಾಗಿತ್ತು. ಮಕ್ಕಳು ಒಬ್ಬರನ್ನೊಬ್ಬರು ಗೇಲಿ ಮಾಡದಂತೆ, ಪೀಡಿಸದಂತೆ ನೋಡಿಕೊಳ್ಳಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತಂತೆ. ಬ್ಯಾನರ್, ಸ್ವಾಗತ ಗೀತೆ, ದೀಪ, ಅತಿಥಿಗಳ ಕೈಗೆ ಹೂವಿನ ಗಿಡ, ಕೊನೆಗೆ ಬಲಗೈ ಮುಂದೆ ಚಾಚಿ ಪ್ರತಿಜ್ಞೆ. ಹೆತ್ತವರ ಸಾಲಿನಲ್ಲಿ ನಾನೂ ಕೂತಿದ್ದೆ. ಸಂಜೆ ಮಗಳನ್ನು ಕೇಳಿದೆ, ಹೇಗಾಯ್ತು ಎಂದು.

"ಪ್ರತಿಜ್ಞೆ ಮಾಡುವಾಗ್ಲೂ ನನ್ನ ಹಿಂದಿನ ಸಾಲಲ್ಲಿ ಗುಂಯ್ ಅಂತ ಇತ್ತು ಉಪ್ಪ. ಟೀಚರ್ ಮೈಕ್ ಸರಿ ಮಾಡ್ಸಿದ್ರು."

ಅದೇನೆಂದು ನನಗೆ ಆಗ ತಿಳಿಯಲಿಲ್ಲ. ನಕ್ಕೆ. ತಿಳಿದ ಮೇಲೆ ಆ ಬ್ಯಾನರನ್ನು ನೆನೆದು ಇನ್ನೊಮ್ಮೆ ನಕ್ಕೆ, ಅದು ಬೇರೆ ನಗು.

ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ ಸಂಖ್ಯೆ ದೊಡ್ಡದಾಗಿ ಬರೆದಿತ್ತು. ಅದಕ್ಕೆ ಯಾರಾದರೂ ಫೋನ್ ಮಾಡುತ್ತಾರೆಂದು ನಾನು ಎಣಿಸಿರಲಿಲ್ಲ. ಹೆಂಡತಿ ಮಾಡಿದಳು. ನನಗೆ ಹೇಳಲಿಲ್ಲ. "ಹೇಳಿದ್ರೆ ನೀವು ಭಾಷಣ ಮಾಡ್ತೀರಿ, ಫೋನ್ ಮಾಡ್ಲಿಕ್ಕೆ ಬಿಡುದಿಲ್ಲ" ಎಂದಳು ಆಮೇಲೆ.

ಕೆಲವೇ ದಿನಗಳಲ್ಲಿ ಮನೆಯ ಮುಂದೆ ಒಂದು ಸ್ಕೂಟರ್ ನಿಂತಿತು. ಮಕ್ಕಳ ರಕ್ಷಣೆಯ ಕೆಲಸಕ್ಕೆಂದು ಸರ್ಕಾರ ನೇಮಿಸಿದ, ಪುತ್ತೂರಿನ ಹೆಂಗಸು. ಹೆಲ್ಮೆಟ್ ತೆಗೆದು ಮೊದಲು ಕೇಳಿದ್ದು ನೀರು. ಬೆಳಿಗ್ಗೆ ನೆಟ್ಟಣದ ಕಡೆ ಒಂದು ಶಾಲೆ ಮುಗಿಸಿ ಬಂದಿದ್ದರು, ನಮ್ಮಲ್ಲಿಂದ ಮಂಡೆಕೋಲಿಗೆ ಹೋಗಬೇಕಿತ್ತು. ಆ ರಸ್ತೆಗಳು ಗೊತ್ತಿರುವವರಿಗೆ ಅದು ಎಂಥ ದಿನ ಎಂದು ಅರ್ಥವಾಗುತ್ತದೆ. ಜಗಲಿಯಲ್ಲಿ ಕೂತರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು, ಆದರೆ ಅವಳ ತಲೆ ಸವರಲಿಲ್ಲ. ಅದು ನನಗೆ ಹಿಡಿಸಿತು.

ನಾನೇ ಶುರು ಮಾಡಿದೆ. "ನನಗೆ ಒಬ್ಬಳ ಮೇಲೆ ಸಂಶಯ ಉಂಟು ಮೇಡಂ. ಹೆಸರು ಹೇಳ್ತೇನೆ, ಬರ್ಕೊಳ್ಳಿ."

ಅದು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗಿ. ಅರೆಭಾಷೆ ಎಂಬ ಇಲ್ಲಿನ ಕನ್ನಡ ಆಡುವ ಕೃಷಿಕರ ಮನೆಯವಳು, ತಾಯಿ ನಮ್ಮ ಅಂಗಡಿಯ ಗಿರಾಕಿ. ಅವಳ ಹೆಸರು ಎತ್ತಿದಾಗಲೆಲ್ಲ ಮಗಳು ಮಾತು ತಿರುಗಿಸುತ್ತಿದ್ದಳು. ಅಷ್ಟೇ ನನ್ನಲ್ಲಿದ್ದ ಸಾಕ್ಷಿ.

"ಬೇಡ, ಹೇಳ್ಬೇಡಿ" ಎಂದರು ಆಕೆ.

"ಬೇಡ ಅಂದ್ರೆ? ಮತ್ತೆ ನೀವು ಬಂದದ್ದು ಎಂತಕ್ಕೆ?"

"ಯಾರಾದ್ರೂ ಕೈ ಮಾಡಿದ್ರೆ, ಹೆದರಿಸಿದ್ರೆ ಹೇಳಿ. ಆಗ ಹೆಸರು ಬೇಕೇ ಬೇಕು." ಮಗಳ ಕಡೆ ತಿರುಗಿದರು. "ಹಾಗೆ ಎಂತಾದ್ರೂ ಉಂಟಾ ಪುಟ್ಟಾ?"

ಮಗಳು ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ಕೇಳಿ. ನೀವು ಹೆಸರು ಹೇಳಿದ್ರೆ ನಾನು ಆ ಮನೆಗೆ ಹೋಗ್ಬೇಕು. ನನ್ನ ಸ್ಕೂಟರ್ ಯಾರ ಅಂಗಳದಲ್ಲಿ ನಿಂತಿತು ಅಂತ ಸಂಜೆಯೊಳಗೆ ಪೇಟೆಗೆ ಗೊತ್ತಾಗ್ತದೆ. ಆ ಹೆಸರಿಗೊಂದು ಜಾತಿ ಉಂಟು, ನಿಮ್ಮ ಮಗಳ ಹೆಸರಿಗೂ ಉಂಟು. ಮತ್ತೆ ಓದುದು, ಒತ್ತಕ್ಷರ, ಅದೆಲ್ಲ ಯಾರಿಗೂ ಬೇಡ. ಮೊಬೈಲಲ್ಲಿ ಬೇರೆಯೇ ಓಡ್ತದೆ. ಆಮೇಲೆ ಇವಳು ಶಾಲೆಗೆ ಹೋಗುದುಂಟಾ, ನೀವೇ ಹೇಳಿ."

ಕೈ ತೊಳೆದುಕೊಳ್ಳುವ ಉಪಾಯ ಇದು ಎಂದೇ ಮೊದಲು ಅನ್ನಿಸಿತು. ಅಂಗಡಿಯಲ್ಲಿ ಕೂತು ಪೇಟೆಯನ್ನು ನೋಡುವವನು, ಬಿಡುವಾದಾಗ ಕತೆ ಬರೆಯುವವನು ನಾನು. ಒಂದು ಹೆಸರು ಬಸ್‌ಸ್ಟ್ಯಾಂಡಿನಿಂದ ಮಾರುಕಟ್ಟೆ ತಲುಪುವಷ್ಟರಲ್ಲಿ ಏನಾಗಬಹುದು ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆದದ್ದು ಪುತ್ತೂರಿನಿಂದ ಸ್ಕೂಟರಿನಲ್ಲಿ ಬಂದವರಿಗೆ.

"ಪುಸ್ತಕ ತೆಗೊಂಡು ಬಾ ಪುಟ್ಟಾ" ಎಂದರು. "ಆ ಶಬ್ದ ಎಲ್ಲೆಲ್ಲಿ ಬರ್ತದೆ, ಓದಿ ತೋರ್ಸು." ಮತ್ತೆ ನಮ್ಮಿಬ್ಬರಿಗೆ: "ನೀವು ಮಾಡಿ."

"ಎಂತ ಮಾಡುದು?"

"ಅದೇ, ಆ ಶಬ್ದ."

ನಾವು ಗಂಡ ಹೆಂಡತಿ ಜಗಲಿಯ ಕುರ್ಚಿಗಳಲ್ಲಿ ಕೂತು, ತುಟಿ ಮುಚ್ಚಿ, ನಮ್ಮ ಮಗಳ ಮೇಲೆ ಗುಂಯ್‌ಗುಟ್ಟಿದೆವು. ಎಷ್ಟು ಸುಲಭ. ಮೂಗಿನ ಬುಡದಲ್ಲಿ ಹಿತವಾದೊಂದು ನಡುಕ. ನಿಲ್ಲಿಸಲು ಮನಸ್ಸಾಗದಂಥದ್ದು. ಮಗಳು ಓದುವುದನ್ನು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದಳು. ಆ ನೋಟವನ್ನು ವರ್ಣಿಸಲು ಹೋದರೆ ಸುಳ್ಳಾಗುತ್ತದೆ. ಹೆಂಡತಿ ಕೂಡಲೇ ನಿಲ್ಲಿಸಿದಳು. ನಾನು ಸ್ವಲ್ಪ ತಡವಾಗಿ ನಿಲ್ಲಿಸಿದೆ ಎನ್ನುತ್ತಾಳೆ.

"ಈಗ ಅವಳೊಟ್ಟಿಗೆ ಎಲ್ಲ್ರೂ ದೊಡ್ಡಕ್ಕೆ ಓದುವ. ಓದ್ತಾ ಓದ್ತಾ ಅದೇ ಶಬ್ದ ಮಾಡಿ ನೋಡಿ."

ನಾಲ್ಕು ಜನ ಒಂದು ಪುಸ್ತಕಕ್ಕೆ ಬಾಗಿ ಓದಿದೆವು. ನಾನು ನಡುವೆ ಮಾಡಲು ಹೋಗಿ ಕೆಮ್ಮಿದೆ. ಹೆಂಡತಿಗೆ ನಗು ಬಂದು ಮೂಗಿನಿಂದ ಬೇರೆಯೇ ಒಂದು ಶಬ್ದ ಹೊರಟಿತು. ಅದನ್ನು ಕೇಳಿ ಮಗಳು ನಕ್ಕಳು, ಎಷ್ಟೋ ದಿನಗಳ ಮೇಲೆ.

"ಆಗುದಿಲ್ಲ ಅಲ್ವಾ? ಅಷ್ಟೇ. ಓದುವ ಬಾಯಿಗೆ ಅದು ಬರುದಿಲ್ಲ" ಎಂದು ಆಕೆ ಹೆಲ್ಮೆಟ್ ತೊಟ್ಟರು. ಮಂಡೆಕೋಲಿಗೆ ಹೋಗುವ ಮುಂಚೆ ಶಾಲೆಗೆ ಹೋಗಿದ್ದರು ಎಂದು ಮುಖ್ಯೋಪಾಧ್ಯಾಯಿನಿಯೇ ನನಗೆ ಫೋನಿನಲ್ಲಿ ಹೇಳಿದರು.

ಕನ್ನಡ ಪಾಠ ಮಾಡುತ್ತಿದ್ದವರು ಆ ಮುಖ್ಯೋಪಾಧ್ಯಾಯಿನಿ. ತಾವು ಸೋತದ್ದನ್ನು ಮುಚ್ಚಿಡಲಿಲ್ಲ. ಗದರಿಸಿದ್ದರು, ಬೆಂಚಿನ ಮೇಲೆ ನಿಲ್ಲಿಸಿದ್ದರು, ಒಂದಿಡೀ ಸಾಲನ್ನು ಹೊರಗೆ ಕಳಿಸಿದ್ದರು. ಉಳಿದ ಸಾಲುಗಳಿಂದ ಶಬ್ದ ಬಂದಿತ್ತು. ಈಗ ಇಬ್ಬರೂ ಸೇರಿ ಮಾಡಿದ ಏರ್ಪಾಡು ಸರಳ. ಸ್ವಲ್ಪ ಕಾಲ ಆ ತರಗತಿಯಲ್ಲಿ ಯಾರೂ ಒಬ್ಬರೇ ಓದುವುದಿಲ್ಲ. ಮೊದಲು ಇಡೀ ತರಗತಿ ಒಟ್ಟಿಗೆ, ಆಮೇಲೆ ಸಾಲು ಸಾಲಾಗಿ, ಆಮೇಲೆ ನಾಲ್ವರು, ಆಮೇಲೆ ಇಬ್ಬರು. ಯಾರಿಗೂ ಕಾರಣ ಹೇಳುವುದಿಲ್ಲ, ಯಾರನ್ನೂ ಏನೂ ಕೇಳುವುದಿಲ್ಲ.

ಇದು ಯಾರ ತಲೆಯಿಂದ ಬಂತು ಎಂದು ಮುಂದೊಮ್ಮೆ ಇಬ್ಬರನ್ನೂ ಕೇಳಿದ್ದೇನೆ. "ತಾಲ್ಲೂಕಿನ ತರಬೇತಿಯಲ್ಲಿ ಹೇಳಿದ್ದು" ಎಂದರು ಸ್ಕೂಟರಿನವರು. "ನಾನೂ ಆ ತರಬೇತಿಗೆ ಹೋಗಿದ್ದೆ ಮಾರಾಯ್ರೆ" ಎಂದರು ಮುಖ್ಯೋಪಾಧ್ಯಾಯಿನಿ. "ಅಲ್ಲಿ ಇದನ್ನು ಹೇಳ್ಲೇ ಇಲ್ಲ. ಊಟ ಒಳ್ಳೆದಿತ್ತು."

ಶಾಲೆಗೆ ಮರಳಲು ಮಗಳು ಇನ್ನೂ ಹೂಂ ಅಂದಿರಲಿಲ್ಲ. ಆ ವಾರವೇ ನಾನು ಸಂಶಯಪಟ್ಟಿದ್ದ ಆ ಹುಡುಗಿ ತಾಯಿಯ ಜೊತೆ ಅಂಗಡಿಗೆ ಬಂದಳು.

"ಬ್ಯಾರಿಗಳೇ, ಇವಳಿಗೊಂದು ಗಟ್ಟಿ ಚಪ್ಪಲಿ ತೋರಿಸಿ. ಕಳೆದ ಸಲ ಕೊಟ್ಟದ್ದು ಚೌತಿವರೆಗೂ ಬರ್ಲಿಲ್ಲ."

"ಅದು ಚಪ್ಪಲಿದು ತಪ್ಪಲ್ಲ ಅಕ್ಕ, ನಿಮ್ಮ ಗುಡ್ಡೆದು."

"ಗುಡ್ಡೆಯನ್ನು ವಾಪಸ್ ತೆಗೊಳ್ತೀರಾದ್ರೆ ಹೇಳಿ, ಕೊಡ್ತೇನೆ." ತಾಯಿ ನಕ್ಕರು. "ನಿಮ್ಮ ಮಗಳಿಗೆ ಹುಷಾರಿಲ್ವಂತೆ, ಎಂತ?"

ನಾನು ಬಗ್ಗಿ ಹುಡುಗಿಯ ಕಾಲಿಗೆ ಚಪ್ಪಲಿ ಹಿಡಿದಿದ್ದೆ. ಕೇಳಬೇಕಾದದ್ದು ನಾಲಗೆಯ ತುದಿಯಲ್ಲಿತ್ತು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು, ಹೊರಗೆ ಆಟೋದವರು. ತಲೆಯ ಮೇಲಿಂದ ಹುಡುಗಿಯ ದನಿ ಬಂತು.

"ನಾಳೆ ಬರ್ತಾಳಾ?"

ಆ ಎರಡೇ ಪದಗಳ ಪ್ರಶ್ನೆಯನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಕಾಳಜಿಯೋ, ಕುತೂಹಲವೋ, ಆಟಕ್ಕೆ ಆಳು ಬೇಕಾದವರ ಅವಸರವೋ. ಮುಖ ನೋಡಲು ಎದ್ದಾಗ ಅವಳು ಕನ್ನಡಿಯಲ್ಲಿ ಚಪ್ಪಲಿ ನೋಡುತ್ತಿದ್ದಳು.

"ಬರ್ತಾಳೆ" ಎಂದೆ. ಮಗಳನ್ನು ಕೇಳದೆಯೇ ಹೇಳಿಬಿಟ್ಟೆ. ಮನೆಗೆ ಹೋಗಿ ಅವಳಿಗೆ ಅದನ್ನು ಹಾಗೆಯೇ ತಿಳಿಸಿದೆ, ಹುಡುಗಿ ಕೇಳಿದ್ದು, ನಾನು ಹೇಳಿದ್ದು. ಅವಳು "ಎಲ್ಲ್ರೂ ಒಟ್ಟಿಗೆ ಓದುದಾದ್ರೆ ಮಾತ್ರ" ಎಂದಳು.

ಮರುದಿನ ಅವಳನ್ನು ಬಿಟ್ಟು ಬರಲು ಹೋಗಿ, ಬಿಟ್ಟ ಮೇಲೂ ಧ್ವಜಕಟ್ಟೆಯ ಹತ್ತಿರ ನಿಂತೆ. ಇದು ಖಂಡಿತ ನಡೆದದ್ದು, ಹೆಂಡತಿಯೂ ಇದ್ದಳು. ಒಳಗಿನಿಂದ ಇಡೀ ತರಗತಿ ಓದುವ ದನಿ ಎದ್ದಿತು. ತುಳು ಮನೆಯ ಎಳೆತ, ಅರೆಭಾಷೆಯ ಏರಿಳಿತ, ಗಡಿಯಾಚೆಯ ಮಲಯಾಳದ ಓಟ, ಎಲ್ಲವೂ ಒಂದೇ ವಾಕ್ಯದ ಮೇಲೆ ಹತ್ತಿ ಕೂತಿದ್ದವು. ಒತ್ತಕ್ಷರದಲ್ಲಿ ನಿಲ್ಲುವವಳು ಅವಳೊಬ್ಬಳೇ ಅಲ್ಲ ಎಂಬುದು ಆಗ ತಿಳಿಯಿತು. ಹತ್ತಾರು ಮಕ್ಕಳು ಅಲ್ಲಿ ತುಸು ತಡೆದು ಮುಂದೆ ಹೋಗುತ್ತಿದ್ದರು. ಮಗಳ ದನಿಯನ್ನು ಹುಡುಕಿದೆ. ಸಿಗಲಿಲ್ಲ. ಮಗಳ ದನಿ ಸಿಗದೆ ಹೋದದ್ದಕ್ಕೆ ಒಬ್ಬ ತಂದೆ ಅಷ್ಟು ಹಗುರಾಗುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ.

ಸರ್ಕಾರ ಎಂದರೆ ಬ್ಯಾನರ್ ಎಂದುಕೊಂಡಿದ್ದವನು ನಾನು. ಮೇಲೆ ಎಲ್ಲೋ ಬರೆದ ಸುತ್ತೋಲೆ ಕಚೇರಿಯಿಂದ ಕಚೇರಿಗೆ ಇಳಿಯುತ್ತ ಇಳಿಯುತ್ತ, ಈ ಇಬ್ಬರು ಹೆಂಗಸರ ಕೈಗೆ ಬಂದಾಗ ಒಂದು ಕೆಲಸವಾಗಿತ್ತು. ಮುಖ್ಯೋಪಾಧ್ಯಾಯಿನಿಯ ಪಾಠಗಳು ಹಿಂದೆ ಬಿದ್ದವು. ಶನಿವಾರ ಮಧ್ಯಾಹ್ನ ಕೂತು ಮುಗಿಸಿದರು. ಸ್ಕೂಟರಿನವರು ಯಾರೂ ಕರೆಯದೆ ಎರಡು ಸಲ ಬಂದು, ಹಿಂದಿನ ಬೆಂಚಿನಲ್ಲಿ ಮಕ್ಕಳೊಟ್ಟಿಗೆ ಕೂತು ಓದಿ ಹೋದರು. ಫೋಟೋ ತೆಗೆಸಿಕೊಳ್ಳಲಿಲ್ಲ. ತೆಗೆಸಿಕೊಂಡಿದ್ದರೂ ನನ್ನ ಗೌರವ ಕಡಿಮೆಯಾಗುತ್ತಿರಲಿಲ್ಲ.

ಇಬ್ಬಿಬ್ಬರಾಗಿ ಓದುವ ದಿನಗಳು ಬಂದಾಗ ಮಗಳಿಗೆ ಜೊತೆಯಾದವಳು ಅದೇ ಹುಡುಗಿ. ಹಾಜರಿ ಕರೆಯುವ ಕ್ರಮದಲ್ಲಿ ಹಾಗೆ ಬಂತು ಎಂದರು ಮುಖ್ಯೋಪಾಧ್ಯಾಯಿನಿ. ನಾನು ಆ ಹೆಸರನ್ನು ಅವರಿಗೂ ಹೇಳಿರಲಿಲ್ಲ. ಒಂದು ಸಂಜೆ ಮಗಳು ಬಸ್ಸಿಳಿದು ಸೀದಾ ಅಂಗಡಿಗೆ ಬಂದಳು.

"ಉಪ್ಪ, ಇವತ್ತು ಅವಳು ಅರ್ಧದಲ್ಲಿ ನಿಲ್ಲಿಸಿದ್ಳು."

"ಮತ್ತೆ?"

"ಎಂತ ಮತ್ತೆ? ನಾನು ಓದ್ತಾ ಹೋದೆ. ಪಾಠ ಮುಗಿಯುವವರೆಗೆ."

"ಒಬ್ಬಳೇ?"

"ಒಬ್ಬಳೇ. ಎರಡು ಕಡೆ ನಿಂತೆ."

"ಆಗ?"

"ಆಗ ಎಂತ ಇಲ್ಲ. ಫ್ಯಾನ್ ತಿರುಗುದು ಕೇಳಿತು."

ಅಷ್ಟು ಹೇಳಿ ಪಕ್ಕದ ಅಂಗಡಿಗೆ ಹೋಗಿ ಶರಬತ್ತು ಕುಡಿದಳು. ಅಲ್ಲಿಂದೀಚೆಗೆ ಹೊಟ್ಟೆನೋವು ಬಂದದ್ದು ನಿಜವಾದ ಹೊಟ್ಟೆನೋವು ಬಂದಾಗ ಮಾತ್ರ. ಈಗ ಹತ್ತನೆಯ ತರಗತಿ. ಒತ್ತಕ್ಷರದಲ್ಲಿ ಈಗಲೂ ನಿಲ್ಲುತ್ತಾಳೆ.

ನಡುವೆ ನಿಲ್ಲಿಸಲು ಆ ಹುಡುಗಿಗೆ ಅವರೇ ಹೇಳಿದ್ದಿರಬೇಕು ಎಂದುಕೊಂಡು ಮುಖ್ಯೋಪಾಧ್ಯಾಯಿನಿಗೆ ಕೃತಜ್ಞತೆ ಹೇಳಲು ಹೋದೆ. "ನಾನು ಹೇಳಿರ್ಲಿಲ್ಲ" ಎಂದರು. "ಒಬ್ಬೊಬ್ಬರೇ ಓದುದು ಮುಂದಿನ ವಾರ ಅಂತ ಇತ್ತು."

ಹಾಗಾದರೆ ಅವಳು ನಿಲ್ಲಿಸಿದ್ದು ಮಗಳನ್ನು ಮತ್ತೆ ಒಂಟಿಯಾಗಿ ತರಗತಿಯ ಮುಂದೆ ಬಿಡಲಿಕ್ಕೋ, ಇಲ್ಲ ಆ ದನಿ ಒಬ್ಬಳದ್ದೇ ಆಗಿ ಕೇಳಲಿ ಎಂದೋ? ಕತೆ ಬರೆಯುವವನಾಗಿ ಎರಡೂ ಬಗೆಯಲ್ಲಿ ಬರೆದು ನೋಡಿದೆ. ಎರಡೂ ಚೆನ್ನಾಗಿಯೇ ಬಂದವು, ಅದಕ್ಕೇ ಹರಿದೆ. ಮಗಳನ್ನು ಕೇಳಿದರೆ ಒಮ್ಮೆ "ಕೆಮ್ಮು ಬಂದದ್ದಿರ್ಬೇಕು" ಎನ್ನುತ್ತಾಳೆ, ಇನ್ನೊಮ್ಮೆ "ನೆನಪಿಲ್ಲ" ಎನ್ನುತ್ತಾಳೆ. ಆ ಹುಡುಗಿ ಈಗಲೂ ಅಂಗಡಿಗೆ ಬರುತ್ತಾಳೆ, ಚಪ್ಪಲಿ ತೆಗೆದುಕೊಂಡು ಹೋಗುತ್ತಾಳೆ. ಅವಳು ಯಾಕೆ ನಿಲ್ಲಿಸಿದಳೆಂದು ನನಗೆ ಗೊತ್ತಿಲ್ಲ. ಅದಕ್ಕೂ ಮುಂಚಿನ ದಿನಗಳಲ್ಲಿ ಆ ಶಬ್ದ ಅವಳದ್ದಾಗಿತ್ತೇ ಎಂಬುದೂ ಗೊತ್ತಿಲ್ಲ.