ಅಕ್ಕ ಕೇಳಿದ ನಿಯಮ ಮೊದಲು ಬಿದ್ದಿದ್ದು ಅಕ್ಕನ ಮ್ಯಾಲೇ

"ಸದಸ್ಯೆ ಮಹಾದೇವಿಯವರು ಖಾಸಗಿ ಕೆಲಸಕ್ಕೆ ಜೀಪು ಮಾಡಿಕೊಂಡು ಹೋಗಿ ಪ್ರಯಾಣ ಭತ್ಯೆ ಕೇಳಿರುತ್ತಾರೆ. ನಾಮಂಜೂರು."

ಪಂಚಾಯ್ತಿ ಸಭೆಯ ಮೈಕಿನಾಗ ಹಿಂಗ ಓದಿದಾಗ ನಾನು ಹಿಂದಿನ ಸಾಲಿನಾಗ ಜನರ ಜೋಡಿ ಕುಂತಿದ್ದೆ. ಅಕ್ಕನ ಬೆನ್ನು ಅಷ್ಟೇ ಕಾಣ್ತಿತ್ತು. ಸೆರಗು ಬಿಗಿಯಾಗಿ ಹಿಡ್ಕೊಂಡಿದ್ಲು.

ಮಹಾದೇವಿ ನನ್ನ ಸ್ವಂತ ಅಕ್ಕ. ಕಮಲಾಪುರಕ್ಕ ಕೊಟ್ಟೀವಿ. ಅವರದು ಕೆಂಪು ಬಾಳಿ ತ್ವಾಟ. ವಾರ್ಡು ಹೆಣ್ಮಕ್ಕಳಿಗೆ ಮೀಸಲು ಬಂತು, ನಿಲ್ಲಿಸಿದ್ರು, ಗೆದ್ದಳು.

ಭಾವ ಮೆಂಬರ್‌ಕಿ ಮಾಡ್ತಾರ, ಅಕ್ಕ ಸಹಿ ಹಾಕ್ತಾಳ ಅಂತ ಎಲ್ಲಾರೂ ತಿಳ್ಕೊಂಡಿದ್ರು. ಆದ್ರ ಭಾವಗ ಬಾಳಿ ಬಿಟ್ಟು ಬ್ಯಾರೆ ಲೋಕಾನೇ ಇಲ್ಲ. ಅಕ್ಕನೇ ಓಡಾಡಿದಳು.

ನಾನು ಕಲಬುರಗಿಯಾಗ, ಸೇಡಂ ರಸ್ತೆ ಮ್ಯಾಗ ಒಂದು ಮೆಡಿಕಲ್ ಶಾಪಿನಾಗ ಕೆಲಸ ಮಾಡ್ತೀನಿ. ಶಹರಕ್ಕ ಬಂದಾಗೆಲ್ಲ ಅಕ್ಕ ನಮ್ಮ ಅಂಗಡಿಗೆ ಬಂದು, ನೀರು ಕುಡದು, ವಾರ್ಡಿನ ಸುದ್ದಿ ಹೇಳಿ ಹೋಗ್ತಿದ್ಲು.

ಹೋದ ವರ್ಷ ಒಂದಿಷ್ಟು ಸದಸ್ಯರು ಕಸ ವಿಲೇವಾರಿ ನೋಡಿಕೊಂಡು ಬರ್ತೀವಿ ಅಂತ ಅಧ್ಯಯನ ಪ್ರವಾಸ ಹೋದ್ರು. ಅವರ ಸ್ಟೇಟಸ್ ತುಂಬ ಸಮುದ್ರ, ಬೋಟು, ಮೀನು. ಕಸದ್ದು ಒಂದು ಫೋಟೋ ಇಲ್ಲ... ಖರ್ಚೆಲ್ಲ ಸರ್ಕಾರದ್ದು.

ಅಕ್ಕ ಸಭೆಯಾಗ ಎದ್ದು ನಿಂತ್ಲು. ಖರ್ಚು ಕೇಳೋ ಸದಸ್ಯರು ರಸೀದಿ ಕೊಡಬೇಕು, ಎಲ್ಲಿಗೆ ಹೋದ್ವಿ, ಯಾಕ ಹೋದ್ವಿ ಅಂತ ಬರೀಬೇಕು, ಅದು ಜನ ನೋಡೋ ಹಂಗ ಗೋಡಿಗೆ ಹಚ್ಚಬೇಕು ಅಂದ್ಲು.

ಜಗಳ ಆಗ್ತದ ಅನ್ಕೊಂಡಿದ್ಲಂತ. ಆಗಲಿಲ್ಲ. ಅಧ್ಯಕ್ಷರೇ "ಛಲೋ ಮಾತು ಹೇಳಿದಿ ತಂಗಿ" ಅಂದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ಮುಂದಿನ ತಿಂಗಳ ನಿಯಮ ಬಂದೇ ಬಂತು.

ನಾನು ಖುಷಿಗೆ ಅಂಗಡಿಯಾಗ ಪೇಡೆ ಹಂಚಿದ್ದೆ.

ಆಮ್ಯಾಲೆ ಆಗಿದ್ದು ಇದು.

ಅವತ್ತು ಕಲಬುರಗಿಯಾಗ ಸದಸ್ಯರ ಮೀಟಿಂಗ್ ಇತ್ತು. ಅಕ್ಕ ಕಮಲಾಪುರದಾಗ ಬಸ್ಸಿಗೆ ನಿಂತಿದ್ಲು. ಅಲ್ಲೇ ಅವರ ವಾರ್ಡಿನ ಶರಣಪ್ಪ ಹೆಂಡ್ತಿ ಲಕ್ಷ್ಮಿನ್ನ ಹಿಡ್ಕೊಂಡು ಒದ್ದಾಡಾಕತ್ತಾನ. ಆಕಿಗೆ ಹೆರಿಗಿ ಬ್ಯಾನಿ ಶುರು ಆಗ್ಯಾವ. ಆಂಬುಲೆನ್ಸ್ ಇನ್ನಾ ಎಲ್ಲೋ ದೂರ ಅದ.

ಅಕ್ಕ ಒಂದು ಜೀಪು ಬಾಡಿಗಿ ಹಿಡದು, ಇಬ್ಬರನ್ನೂ ಕೂಡಿಸಿಕೊಂಡು ಬಂದ್ಲು. ಆಸ್ಪತ್ರಿಗೆ ಸೇರಿಸಿ, ನಮ್ಮ ಅಂಗಡಿಯಿಂದ ಔಷಧಿ ಒಯ್ದು ಕೊಟ್ಟು, ಆಮ್ಯಾಲೆ ತಡಾ ಮಾಡಿ ಮೀಟಿಂಗಿಗೆ ಹೋದ್ಲು.

ಲಕ್ಷ್ಮಿಗೆ ಹೆಣ್ಣು ಕೂಸು ಹುಟ್ಟಿತು.

ಕ್ಲೇಮ್ ಬರಿಯೋವಾಗ ನಾ ಹೇಳಿದೆ, "ಮೀಟಿಂಗಿಗೆ ಅಂತ ಅಷ್ಟೇ ಬರಿ, ಸಾಕು." ಅದೂ ಸುಳ್ಳೇನಲ್ಲ.

ಅಕ್ಕ ಕೇಳಲಿಲ್ಲ. "ಯಾಕ ಹೋದಿ ಅಂತ ಬರೀಬೇಕು ಅಂತ ಕೇಳ್ದಾಕಿ ನಾನೇ. ನಾನೇ ಅರ್ಧ ಬರದ್ರ ಹ್ಯಾಂಗ?" ಅಂದು ದವಾಖಾನಿ ವಿಷಯಾನೂ ಬರದ್ಲು.

ಅದೇ ಸಿಕ್ತು ಆ ಪ್ರವಾಸದ ಸದಸ್ಯರಿಗೆ.

ರೊಕ್ಕ ಕೊಡಂಗಿಲ್ಲ ಅಂದಿದ್ರ ಅಕ್ಕ ಸುಮ್ಮನಾಗ್ತಿದ್ಲು. ನಿಯಮ ಅಂದ್ರ ನಿಯಮ. ಆದ್ರ ಆ ಸಭೆಯಾಗ ಒಬ್ಬ ಸದಸ್ಯ ಎದ್ದು, ಲಕ್ಷ್ಮಿ ಇವರ ಸಂಬಂಧಿಕಿ, ಮನಿ ಬಾಣಂತನ ಸರ್ಕಾರದ ಖರ್ಚಿನಾಗ ಮಾಡ್ಯಾರ ಅಂದ. ಲಕ್ಷ್ಮಿ ನಮಗ ಬಳಗಾನೂ ಅಲ್ಲ, ಬೀಗರೂ ಅಲ್ಲ.

ನಾನು ಹಿಂದಿನಿಂದ ಎದ್ದು, ನನಗ ಗೊತ್ತದ, ನಾ ಹೇಳ್ತೀನಿ ಅಂದೆ. ತಂಗಿ ಮಾತು ನಡಿಯಂಗಿಲ್ಲ ಕುಂದ್ರಿ ಅಂದ್ರು.

ಅಕ್ಕ ಶರಣಪ್ಪನ್ನ ಕರೆಸಿದ್ಲು. ಬಂದ. ಕೈ ಕಟ್ಟಿ ನಿಂತ. ಇವರು ನಿನಗ ಸಂಬಂಧಿಕ್ರೇನು, ಅವತ್ತು ಏನಾತು ಹೇಳು ಅಂದ್ರು ಅಧ್ಯಕ್ಷರು.

ನೆಲ ನೋಡಿಕೋತ ಅಂದ,

"ನನಗ ಅಷ್ಟು ನೆನಪಿಲ್ರೀ."

ಹಾಲ್‌ನಾಗ ಯಾರೋ ನಕ್ರು. ಉಳಿದವರ ಕ್ಲೇಮೆಲ್ಲ ಒಂದೇ ಉಸುರಿನಾಗ ಮಂಜೂರಾದ್ವು. ಅವರ ಬಿಲ್ಲು ಬಾಳ ಚಂದ ಇದ್ದುವು. ಒಬ್ಬ ಸದಸ್ಯನ ಅಳಿಯ ಹೊಸದಾಗಿ ಟ್ರಾವೆಲ್ಸ್ ತಗದಾನ, ಎಲ್ಲಾ ಅಲ್ಲಿಂದನೇ. ನಂಬರು, ಶಿಕ್ಕಾ, ಸಹಿ, ಎಲ್ಲಾ ಬರೋಬ್ಬರಿ. ಕಾರಣ ಅನ್ನೋ ಕಡೆ ಎಲ್ಲಾರದೂ ಒಂದೇ: ಕಾಮಗಾರಿ ಪರಿಶೀಲನೆ.

ಹೊರಗ ಮೆಟ್ಟಲ ಹತ್ರ ಶರಣಪ್ಪ ಕಾಯ್ತಾ ನಿಂತಿದ್ದ. ನಾ ಬೈಬೇಕು ಅಂತ ಬಾಯಿ ತಗದೆ, ಅಕ್ಕ ಕೈ ಹಿಡದ್ಲು.

"ಅಕ್ಕಾ, ಸರ್ಕಾರದಿಂದ ಬಂದ ಮನಿ ಅರ್ಧಕ್ಕ ನಿಂತದ. ಮುಂದಿನ ಕಂತು ಈ ಅಧ್ಯಕ್ಷರ ಸಹಿ ಇಲ್ದ ಬರಂಗಿಲ್ಲ. ಕೂಸಿನ್ನ ತಗಡಿನ ಶೆಡ್ಡಿನಾಗ ಮಲಗಸಾಕತ್ತೀವಿ..." ಅಂತ ಅಳಾಕ ಹತ್ತಿದ.

ಅಕ್ಕ ಅವನ್ನೇ ನೋಡಿದ್ಲು. ಆಮ್ಯಾಲೆ ಕೇಳಿದ್ಲು, "ಕೂಸು ಹ್ಯಾಂಗದ?"

ಅಷ್ಟೇ. ನನಗ ಯಾರ ಮ್ಯಾಲ ಸಿಟ್ಟು ಮಾಡ್ಕೋಬೇಕೋ ಇವತ್ತಿಗೂ ತಿಳಿವಲ್ದು.

ಎರಡು ದಿನದಾಗ ಆ ಸಭೆಯ ವಿಡಿಯೋ ಎಲ್ಲಾ ವಾಟ್ಸಾಪ್ ಗ್ರೂಪಿನಾಗ. "ಪ್ರಾಮಾಣಿಕ ಮೆಂಬರ್ ಸುಳ್ಳು ಬಿಲ್ಲಿನಾಗ ಸಿಕ್ಕಿಬಿದ್ಲು" ಅಂತ. ಅಂಗಡಿಗೆ ಗುಳಿಗಿ ತಗೋಳಾಕ ಬಂದ ಒಬ್ರು ನನಗೇ ತೋರಿಸಿ ನಕ್ರು. ಆಕಿ ನನ್ನ ಅಕ್ಕ ಅಂತ ಅವರಿಗೆ ಗೊತ್ತಿರಲಿಲ್ಲ.

ನಾ ಗುಳಿಗಿ ಕೊಟ್ಟೆ, ಚಿಲ್ಲರ ಕೊಟ್ಟೆ.

ಹೋದ ಐತಾರ ಕಮಲಾಪುರಕ್ಕ ಹೋಗಿದ್ದೆ. ನೀರು ಬರವಲ್ದು ಅಂತ ಓಣಿ ಹೆಣ್ಮಕ್ಕಳು ಬಂದು ಬಾಗಲದಾಗ ನಿಂತಿದ್ರು. ಅಕ್ಕ ಒಳಗಿಂದನೇ "ಅಧ್ಯಕ್ಷರ ಕಡೆ ಹೋಗ್ರವಾ" ಅಂದ್ಲು. ಎದ್ದು ಹೊರಗ ಬರಲಿಲ್ಲ.

ಮೊದಲು ಹಿಂಗ ಇರಲಿಲ್ಲ ಆಕಿ. ಉಣ್ಣೋ ತಾಟು ಬಿಟ್ಟು ಎದ್ದು ಹೋಗ್ತಿದ್ಲು.

ಸಭೆಗೂ ಹೋಗವಲ್ಲಳು. ಇನ್ನೊಮ್ಮೆ ನಿಲ್ಲಂಗಿಲ್ಲ ಅಂತ ಭಾವಗ ಹೇಳ್ಯಾಳ.

ನಾಳೆ ನಿಮ್ಮ ಮನಿ ಹೆಣ್ಮಗಳೊಬ್ಬಾಕಿ ಹಿಂಗ ಎದ್ದು ಕೇಳ್ತೀನಿ ಅಂದ್ರ, ನೀವು ಕೇಳು ಅಂತೀರೋ, ಸುಮ್ಮ ಕುಂದ್ರು ಅಂತೀರೋ?