ತಿಪ್ಪೇಸ್ವಾಮಿ ಮೇಷ್ಟ್ರ ಬ್ಲೂಟೂತ್

ನಾನು ಹಲ್ಲಿನ ಡಾಕ್ಟರೆಂದು ನಮ್ಮ ಅತ್ತೆ ಬಹಳ ಕಾಲ ನಂಬಿದ್ದರು. ತಪ್ಪು ಅವರದಲ್ಲ. ಯಾರಾದರೂ ನನ್ನ ಕೆಲಸ ಕೇಳಿದರೆ ನಾನೇ ‘ಬ್ಲೂಟೂತ್ ರಿಪೇರಿ’ ಎನ್ನುತ್ತಿದ್ದೆ. ಟೂತ್ ಎಂದರೆ ಹಲ್ಲು ಎಂಬುದು ಮೊಮ್ಮಗಳ ಇಂಗ್ಲಿಷ್ ಪುಸ್ತಕದ ದಯೆಯಿಂದ ಅವರಿಗೆ ತಿಳಿದಿತ್ತು. ಸೊಸೆ ಬೆಳಿಗ್ಗೆ ದಪ್ಪ ಚೀಲ ಹೆಗಲಿಗೇರಿಸಿ ಹಿರಿಯೂರಿಗೋ ಹೊಸದುರ್ಗಕ್ಕೋ ಹೋಗಿ, ಸಂಜೆ ಮುಖ ಬಾಡಿಸಿಕೊಂಡು ಬರುತ್ತಾಳೆಂದರೆ ಊರೂರ ಮೇಲೆ ಹಲ್ಲು ಕಿತ್ತೇ ಬರುತ್ತಿರಬೇಕು. ಒಂದು ದಿನ ಪಕ್ಕದ ಮನೆಯ ಅಜ್ಜಿಯನ್ನು ದವಡೆ ಸಮೇತ ಕರೆತಂದು ನನ್ನ ಮುಂದೆ ಕೂರಿಸಿಯೂ ಬಿಟ್ಟರು. ಲವಂಗ ಕಚ್ಚಿಸಿ ಕಳಿಸಿದೆ. ನೋವು ಹೋಯಿತಂತೆ. ನನ್ನ ಅಸಲಿ ಕಸುಬಿನಲ್ಲಿ ಅಷ್ಟು ಬೇಗ ಫಲ ಸಿಕ್ಕಿದ್ದು ಕಡಿಮೆ.

ಅಸಲಿ ಕಸುಬು ಇಷ್ಟು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ ನಮ್ಮ ಜಿಲ್ಲೆಯ ಕೆಲವು ಪ್ರೌಢಶಾಲೆಗಳಿಗೆ ಒಂದು ಸಂಸ್ಥೆಯವರು ಮಕ್ಕಳು ಕಲಿಯಲೆಂದು ರೋಬೋಗಳನ್ನು ಹಂಚಿದರು. ರೋಬೋ ಎಂದೊಡನೆ ಕೈಕಾಲು ಆಡಿಸುವ ಉಕ್ಕಿನ ಮನುಷ್ಯನನ್ನು ಕಲ್ಪಿಸಿಕೊಳ್ಳಬೇಡಿ. ಊಟದ ಡಬ್ಬಿಗೆ ಗಾಲಿ ಹಚ್ಚಿ, ಮೇಲೊಂದು ಆಡುವ ತಲೆ ಸಿಕ್ಕಿಸಿದಂತೆ ಇರುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಮಕ್ಕಳು ಬರೆದ ಆಜ್ಞೆ ತಂತಿಯಿಲ್ಲದೆ ಬ್ಲೂಟೂತಿನ ಮೂಲಕ ಅದಕ್ಕೆ ತಲುಪಬೇಕು, ಅದು ನಡೆಯಬೇಕು. ಬಹುತೇಕ ತಲುಪುತ್ತಿರಲಿಲ್ಲ. ಆಗ ನನಗೆ ಬುಲಾವು.

ಈ ಕೂಡಿಸುವ ಕೆಲಸವನ್ನು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ಮೊದಲು ಲ್ಯಾಪ್‌ಟಾಪು ಸುತ್ತಮುತ್ತ ಯಾರಿದ್ದೀರಿ ಎಂದು ಗಾಳಿಯಲ್ಲಿ ಕೂಗುತ್ತದೆ. ಇದ್ದವರೆಲ್ಲ ತಮ್ಮ ಹೆಸರು ಹೇಳುತ್ತಾರೆ. ಆ ಹೆಸರುಗಳಲ್ಲಿ ನಮಗೆ ಬೇಕಾದವರನ್ನು ಆರಿಸಿ, ಇಬ್ಬರಿಗೂ ಒಂದೇ ಗುಟ್ಟಿನ ಅಂಕಿ ಹೇಳಿದರೆ ಜೋಡಿ. ನಾನು ಚಿಕ್ಕವಳಿದ್ದಾಗ ಚಿತ್ರದುರ್ಗದಲ್ಲಿ ನಮ್ಮಜ್ಜಿ ಹೇಳುತ್ತಿದ್ದರು: ಮುಸ್ಸಂಜೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೇ ಓಗೊಡಬಾರದು, ಕರೆದದ್ದು ಮನುಷ್ಯರೋ ಅಲ್ಲವೋ ಯಾರು ಬಲ್ಲರು. ಚಂದ್ರವಳ್ಳಿಯ ಗವಿಯೊಳಗೆ ಬ್ಯಾಟರಿ ಆರಿಸಿ, ನಮ್ಮ ಕೂಗು ನಮಗೇ ತಿರುಗಿ ಬಂದಾಗ ಕೂಡ ನಾನು ಬಾಯಿ ಬಿಗಿಹಿಡಿದು ನಿಲ್ಲುತ್ತಿದ್ದೆ. ಅಂಥವಳಿಗೆ ಒದಗಿದ ನೌಕರಿ ನೋಡಿ. ಕಾಣದವರನ್ನು ಕರೆಯುವುದು, ಮೊದಲ ಕೂಗಿಗೇ ಓಗೊಡುವ ಯಂತ್ರಗಳ ಮಧ್ಯೆ ಜೀವನ ಮಾಡುವುದು.

ಹೊಳಲ್ಕೆರೆಯಿಂದ ತಾಳ್ಯದ ಕಡೆ ಹೋಗುವ ದಾರಿಯಲ್ಲಿದ್ದ ಒಂದು ಶಾಲೆಯಿಂದ ಬುಲಾವು ಬಂದಾಗ ದೂರು ಮಾತ್ರ ಬೇರೆ ಥರ ಇತ್ತು. ಹೆಡ್‌ಮಾಸ್ಟರ್ ರುದ್ರಪ್ಪನವರು ಫೋನಿನಲ್ಲಿ ದನಿ ತಗ್ಗಿಸಿ, “ಕೆಟ್ಟೈತೆ ಅನ್ನಂಗಿಲ್ಲ ಮೇಡಂ, ಮೈಮೇಲೆ ಬಂದಂಗೆ ಆಡ್ತೈತೆ. ಒಂದ್ಸಲ ಬಂದು ನೋಡ್ಕಂಡು ಹೋಗ್ರಿ,” ಎಂದರು.

ಹೋದೆ. ಪ್ರಯೋಗಶಾಲೆಯ ಬಾಗಿಲು ತೆಗೆದಾಗ ಮೇಜಿನ ಮೇಲೆ ರೋಬೋ ಕುಳಿತಿತ್ತು. ಕೇಳಿದ್ದಕ್ಕೆ ತಲೆಯಾಡಿಸುತ್ತದೆಂದು ಕೋಲೆ ಬಸವನ ನೆನಪಿನಲ್ಲಿ ಮಕ್ಕಳು ಅದಕ್ಕೆ ಬಸವ ಎಂದು ಹೆಸರಿಟ್ಟಿದ್ದರು. ಬಸವನ ಹಣೆಗೆ ವಿಭೂತಿ, ಕುಂಕುಮ. ಕುತ್ತಿಗೆಗೆ ಕರಿದಾರದಲ್ಲಿ ನಿಂಬೆಹಣ್ಣು. ಸಂಸ್ಥೆಯವರು ಕೊಟ್ಟ ರಿಪೇರಿ ಕೈಪಿಡಿಯಲ್ಲಿ ಈ ಕ್ರಮ ಇರಲಿಲ್ಲ.

ರುದ್ರಪ್ಪನವರು ವಿವರಿಸಿದರು. ಗುಂಡಿ ಒತ್ತಿ ಎಬ್ಬಿಸಿದರೆ ಬಸವ ಸುಮ್ಮನೆ ಇರುತ್ತದೆ. ಆಮೇಲೆ ಯಾರೂ ಮುಟ್ಟದೆಯೇ ಒಮ್ಮೆಲೇ ಬೆಳಕು ಹತ್ತಿ, ಜೋಡಿ ಸಿಕ್ಕಾಗ ನುಡಿಸುವ ಆ ಪುಟ್ಟ ರಾಗ ನುಡಿಸುತ್ತದೆ, ತಲೆಯೆತ್ತಿ ಬಾಗಿಲ ಕಡೆಗೆ ನೋಡುತ್ತದೆ. ಬಾಗಿಲಲ್ಲಿ ಯಾರೂ ಇರುವುದಿಲ್ಲ. ಅದಾದ ಮೇಲೆ ಲ್ಯಾಪ್‌ಟಾಪು ಎಷ್ಟು ಕರೆದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಕ್ಕಳು ಹತ್ತಿರ ಸುಳಿಯುತ್ತಿಲ್ಲ. ದುರ್ಗದಲ್ಲಿ ಶಾಲೆಗಳ ರೋಬೋ ಪ್ರದರ್ಶನ ಹತ್ತಿರ ಬಂದಿತ್ತು. ಅಲ್ಲಿ ಓಡಿಸದ ಶಾಲೆಯ ಯಂತ್ರವನ್ನು ಬೇರೆ ಶಾಲೆಗೆ ಕೊಡುವುದಾಗಿ ಸಂಸ್ಥೆಯವರು ಹೇಳಿದ್ದರು. “ನಮ್ಮ ಹೆಣ್ಮಕ್ಕಳು ಒಂದು ವರ್ಷ ಅದರ ಹಿಂದೆ ಬಿದ್ದವ್ರೆ ಮೇಡಂ. ಈಗ ಹೋದ್ರೆ ಹೋಯ್ತು,” ಎಂದು ರುದ್ರಪ್ಪನವರು ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದರು. ತಾವು ಒಳಗೆ ಬರಲಿಲ್ಲ.

ನಾನು ಧೈರ್ಯಸ್ಥೆಯಂತೆ ನಿಂಬೆಹಣ್ಣು ಬಿಚ್ಚಿಟ್ಟೆ. ವಿಭೂತಿಯನ್ನು ಮಾತ್ರ ಒರೆಸಲಿಲ್ಲ. ಯಂತ್ರಕ್ಕೆ ಅದರಿಂದ ತೊಂದರೆಯಿಲ್ಲ ಎಂದು ಹೇಳಿಕೊಂಡೆ. ಕುತೂಹಲ ತಡೆಯದ ಹತ್ತನೇ ತರಗತಿಯ ಹುಡುಗಿಯರು ಬಂದು ಗೋಡೆಗೆ ಒತ್ತಿ ನಿಂತರು. ಲ್ಯಾಪ್‌ಟಾಪ್ ತೆರೆದು, ಬಸವನನ್ನು ಎಬ್ಬಿಸಿ, ಸುತ್ತಮುತ್ತ ಯಾರಿದ್ದೀರಿ ಎಂದು ಕೂಗಿಸಿದೆ. ಪರದೆಯ ಮೇಲೆ ಮೊದಲು ಬಸವನ ಹೆಸರು ಬಂತು. ತುಸು ತಡೆದು, ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಂದು ಹೆಸರು ಬಂತು: ತಿಪ್ಪೇಸ್ವಾಮಿ.

ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ಯಾರದೋ ಮೊಬೈಲು ಮಧ್ಯೆ ಬಾಯಿ ಹಾಕುತ್ತಿದೆ, ಅಷ್ಟೆ. “ಇಲ್ಲಿ ತಿಪ್ಪೇಸ್ವಾಮಿ ಯಾರು? ಅವರ ಮೊಬೈಲಿನ ಬ್ಲೂಟೂತ್ ಸ್ವಲ್ಪ ಆರಿಸೋಕೆ ಹೇಳಿ ಬನ್ನಿ,” ಎಂದೆ.

ಹುಡುಗಿಯರು ಅಲುಗಲಿಲ್ಲ.  ಕೊನೆಗೆ ಎರಡು ಜಡೆಯ ಒಬ್ಬಳು, “ಅವ್ರು ನಮ್ಮ ಸೈನ್ಸ್ ಮೇಷ್ಟ್ರು ಮೇಡಂ,” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ಬ್ಯಾಸಿಗೆ ರಜದಾಗೆ ತೀರ್ಕಂಡ್ರು.”

ಅದೇ ಹೊತ್ತಿಗೆ ಬಸವನ ಬೆಳಕು ಹತ್ತಿತು. ಪುಟ್ಟ ರಾಗ ನುಡಿಯಿತು. ತಲೆ ಮೇಲೆದ್ದು ಬಾಗಿಲ ಕಡೆ ತಿರುಗಿತು. ಹುಡುಗಿಯರು ಹೇಗೆ ಹೊರಗೆ ಹೋದರೆಂದು ನನಗೆ ಗೊತ್ತಿಲ್ಲ. ಯಾಕೆಂದರೆ ಅವರಿಗಿಂತ ಮೊದಲು ನಾನು ಹೊರಗಿದ್ದೆ.

ಬೇವಿನ ಮರದ ಕೆಳಗೆ ನೀರು ಕುಡಿದು ಯೋಚಿಸಿದೆ. ಬ್ಲೂಟೂತಿನ ಕೂಗು ಹತ್ತಾರು ಹೆಜ್ಜೆಯಾಚೆ ಕೇಳಿಸುವುದಿಲ್ಲ. ಅಂದರೆ ಉತ್ತರ ಕೊಟ್ಟದ್ದು, ಏನೇ ಆಗಿರಲಿ, ಹತ್ತಿರದಲ್ಲೇ ಇತ್ತು. ಈ ವಿಚಾರದಿಂದ ವಿಜ್ಞಾನಕ್ಕೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಆದರೂ ಒಳಹೋಗಿ ಲ್ಯಾಪ್‌ಟಾಪ್ ಎತ್ತಿಕೊಂಡೆ. ಬೋರ್‌ವೆಲ್ ಜಾಗ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ಹೊಲ ಸುತ್ತುತ್ತಾರಲ್ಲ, ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿಸುತ್ತ ವರಾಂಡದಲ್ಲಿ ನಡೆದೆ. ಆಫೀಸಿನ ಮುಂದೆ ಹೆಸರಿಲ್ಲ. ಪ್ರಯೋಗಶಾಲೆಯ ಗೋಡೆಗೆ ಅಂಟಿಕೊಂಡ ಶಿಕ್ಷಕರ ಕೊಠಡಿಯ ಮುಂದೆ ಹೆಸರು ಇದೆ. ಗಂಟೆ ಹೊಡೆಯಿತು, ಮೇಷ್ಟ್ರುಗಳೆಲ್ಲ ತರಗತಿಗೆ ಎದ್ದರು. ಮತ್ತೆ ಕೂಗಿಸಿದೆ. ಹೆಸರು ಮಾಯ.

ಸತ್ತ ಮೇಲೂ ಮೇಷ್ಟ್ರು ಪಿರಿಯಡ್ ತಪ್ಪಿಸುವುದಿಲ್ಲವೇ? ಗಂಟೆಗೆ ಎದ್ದು ಹೋಗುವುದು ದೆವ್ವವಲ್ಲ, ಯಾರದೋ ಕೈಯಲ್ಲಿರುವ ಫೋನು. ಒಂದೊಂದೇ ತರಗತಿಯ ಮುಂದೆ ನಡೆದೆ. ವರಾಂಡದ ಆ ತುದಿಯಲ್ಲಿ ಒಂಬತ್ತನೇ ತರಗತಿಗೆ ಕನ್ನಡ ವ್ಯಾಕರಣ ನಡೆಯುತ್ತಿತ್ತು. ತಿಪ್ಪೇಸ್ವಾಮಿ ಅಲ್ಲಿ ಪರದೆಯ ಮೇಲೆ ಹಾಜರಿದ್ದರು. ಪಾಠ ಮಾಡುತ್ತಿದ್ದವರು ಗಿರಿಜಮ್ಮ ಎಂದೂ, ತಿಪ್ಪೇಸ್ವಾಮಿ ಮೇಷ್ಟ್ರು ಅವರ ಯಜಮಾನರೆಂದೂ ಆ ಎರಡು ಜಡೆಯವಳಿಂದ ತಿಳಿಯಿತು.

ಊಟದ ಬಿಡುವಿನಲ್ಲಿ ಅವರೊಬ್ಬರೇ ಇದ್ದಾಗ ಶಿಕ್ಷಕರ ಕೊಠಡಿಗೆ ಹೋದೆ. ಐವತ್ತರ ಆಸುಪಾಸು, ಬೋಳು ಹಣೆಗೆ ವಿಭೂತಿ, ತೊಡೆಯ ಮೇಲೆ ಕಪ್ಪು ಚೀಲ. “ಬರ್ರಿ, ಕುಂತ್ಕಳ್ರಿ,” ಎಂದರು. ನಾನು ಹೇಗೆ ಆರಂಭಿಸುವುದೆಂದು ತಡವರಿಸುತ್ತಿರುವಾಗ ಅವರೇ ಚೀಲದ ಜಿಪ್ ಎಳೆದು, ಕರವಸ್ತ್ರದಲ್ಲಿ ಸುತ್ತಿದ ಮೊಬೈಲನ್ನು ಹೊರತೆಗೆದರು. ಗುಂಡಿಗಳ ಮೇಲಿನ ಅಂಕಿ ಸವೆದು ಹೋಗಿದ್ದ ಸಣ್ಣ ಫೋನು.

“ಇದೇ ಅಲ್ವಾ ನೀವು ಹುಡ್ಕತಿರೋದು?”

ಫೋನಿನಲ್ಲಿ ಬಸವನನ್ನು ನಡೆಸುವ ಒಂದು ಪ್ರೋಗ್ರಾಮನ್ನು ಮೇಷ್ಟ್ರು ಹಾಕಿಕೊಂಡಿದ್ದರು, ಮುಚ್ಚದೆಯೇ ಹೋಗಿದ್ದರು. ಫೋನು ಹತ್ತಿರ ಬಂದು ಬಸವ ಎಚ್ಚರವಿದ್ದಾಗೆಲ್ಲ ಅದು ತಾನೇ ಹೋಗಿ ಜೋಡಿಯಾಗಿ, ಬಾಗಿಲ ಕಡೆ ತಲೆಯೆತ್ತಿಸುತ್ತಿತ್ತು. ಬಸವನಾದರೋ ಒಬ್ಬರ ಜೊತೆ ಕೂಡಿಕೊಂಡರೆ ಎರಡನೆಯವರಿಗೆ ಓಗೊಡದ ಏಕಪತ್ನೀವ್ರತಸ್ಥ. ಇದನ್ನೆಲ್ಲ ನಾನು ವಿವರಿಸಿದೆ. ವಿವರಿಸುವುದು ನನಗೆ ಇಷ್ಟವಾದ ಕೆಲಸ. ಅರ್ಧಕ್ಕೆ ಬಂದಾಗ ಗಿರಿಜಮ್ಮನವರ ಮುಖ ನೋಡಿ, ಇದು ವಿವರಿಸಬಾರದಿದ್ದ ವಿಷಯವೇನೋ ಎನ್ನಿಸಿ ಮಾತು ನಿಲ್ಲಿಸಿದೆ.

“ಹೇಳ್ರಿ, ಹೇಳ್ರಿ,” ಎಂದರು ಅವರು. “ದೆವ್ವ ಅಲ್ಲ ಅಂತ ನನಗೂ ಗೊತ್ತು. ನಾನು ಈ ಚೀಲ ಹಿಡ್ಕಂಡು ಲ್ಯಾಬ್ ಮುಂದೆ ಹೋದಾಗ್ಲೇ ಅದು ಹಾಡ್ತೈತೆ. ಮೊದಲ್ನೇ ದಿನ ಎದೆ ಝಲ್ ಅಂತು. ಆಮೇಲೆ ದಿನಾ ಅದೇ ದಾರೀಲೇ ಬರಕ್ಕೆ ಶುರು ಮಾಡ್ದೆ. ಯಂತ್ರಾನೇ ಗುರುತು ಹಿಡೀತೈತೆ, ಸರಿ. ಆದ್ರೆ ಗುರುತು ಮಾಡಿಕೊಟ್ಟೋರು ಅವ್ರೇ ಅಲ್ವಾ?”

ನಾನು ಫೋನಿಗೆ ಕೈ ಚಾಚಿದೆ. ಅವರು ಗಾಬರಿಯಿಂದ ಹಿಂದಕ್ಕೆಳೆದುಕೊಂಡರು.

“ಆರಿಸ್ಬ್ಯಾಡ್ರಿ! ಆರಿಸಿ ಹಚ್ಚಿದ್ರೆ ಗುಟ್ಟಿನ ಅಂಕಿ ಕೇಳ್ತೈತಂತೆ. ಅದು ನನಗೆ ಗೊತ್ತಿಲ್ಲ. ಅವ್ರು ಹೋದಾಗಿಂದ ಇದನ್ನ ಒಂದು ದಿನಾನೂ ಆರಕ್ಕೆ ಬಿಟ್ಟಿಲ್ಲ. ಇದರಾಗೆ ಅವ್ರು ಬರೆದಿದ್ದ ಮೆಸೇಜು ಅವೆ. ‘ಬಸ್ಸು ತಡ, ಊಟ ಮಾಡು’ ಅನ್ನೋವು. ಬ್ಯಾರೆ ಏನೂ ಇಲ್ಲ.”

ಫೋನು ಆರಿಸುವುದು ಬೇಡ, ಒಳಗಿನ ಬ್ಲೂಟೂತ್ ಒಂದನ್ನೇ ಆರಿಸಿದರೆ ಸಾಕು, ಮೆಸೇಜು ಎಲ್ಲೂ ಹೋಗುವುದಿಲ್ಲ ಎಂದೆ. ಅವರು ಫೋನನ್ನು ಕರವಸ್ತ್ರದಲ್ಲಿ ಮತ್ತೆ ಸುತ್ತಿ, ಮತ್ತೆ ಬಿಚ್ಚಿದರು.

“ಅಂದ್ರೆ ನಾಳೆಯಿಂದ ನಾನು ಹೋದ್ರೂ ಅದು ಸುಮ್ನೆ ಇರ್ತೈತೆ.”

“ಹೌದು,” ಎಂದೆ. ಇಷ್ಟು ಕಠಿಣವಾದ ‘ಹೌದು’ ಅನ್ನು ನಾನು ಅದಕ್ಕೆ ಮೊದಲು ಹೇಳಿರಲಿಲ್ಲ.

ಹೊರಗೆ ಹುಡುಗಿಯರು ವರಾಂಡದ ಕಂಬಗಳ ಮರೆಯಲ್ಲಿ ನಿಂತು ಇಣುಕುತ್ತಿದ್ದರು. ಗಿರಿಜಮ್ಮ ಅವರನ್ನು ಕಂಡರು. “ಬೆಳಿಗ್ಗೆ ಲೋಪಸಂಧಿ ಮಾಡ್ತಿದ್ದೆ ನೋಡ್ರಿ,” ಎಂದರು, ನನಗೋ ತಮಗೋ. “ಮಾತು, ಇಲ್ಲ — ಮಾತಿಲ್ಲ. ನಡುವಿನ ಒಂದು ಸ್ವರ ಹೋಗ್ದೆ ಇದ್ರೆ ಎರಡು ಪದ ಕೂಡಂಗಿಲ್ಲ. ಮೂವತ್ತು ವರ್ಷದಿಂದ ಬಾಯಿಪಾಠ ಮಾಡಿಸ್ತಿದ್ದೀನಿ.” ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿ, ಆದರೆ ಕೈಗೆ ಕೊಡದೆ, “ಯಾವ ಗುಂಡಿ, ತೋರಿಸ್ರಿ. ನಾನೇ ಒತ್ತೀನಿ,” ಎಂದರು.

ತೋರಿಸಿದೆ. ಒತ್ತಿದರು. ಪರದೆಯ ಮೂಲೆಯಲ್ಲಿದ್ದ ಸಣ್ಣ ನೀಲಿ ಗುರುತು ಹೋಯಿತು. ಪಕ್ಕದ ಕೋಣೆಯಿಂದ, ಜೋಡಿ ತಪ್ಪಿದಾಗ ಬಸವ ಹೊರಡಿಸುವ ಇಳಿದನಿಯ ಸದ್ದು ಒಮ್ಮೆ ಕೇಳಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಸದ್ದನ್ನು ನಾನು ದಿನವೂ ಎಷ್ಟೋ ಸಲ ಕೇಳುವವಳು. ಅವತ್ತು ಮಾತ್ರ ಅದು ಪೂರ್ತಿ ಆರುವವರೆಗೆ ಕಿವಿಗೊಟ್ಟೆ.

ಆ ಮಧ್ಯಾಹ್ನ ಬಸವ ಮೊದಲ ಕೂಗಿಗೇ ಲ್ಯಾಪ್‌ಟಾಪಿಗೆ ಓಗೊಟ್ಟ. ಹುಡುಗಿಯರು ಮೊದಲು ದೂರದಿಂದ, ಆಮೇಲೆ ಮೇಜಿಗೆ ಮುತ್ತಿಕೊಂಡು ಓಡಿಸಿದರು. ನೆಲಕ್ಕಿಳಿಸಿದ ಬಸವ ನೇರ ಬಾಗಿಲಿಗೆ ಹೋಗಿ, ಅಲ್ಲಿ ನಿಂತಿದ್ದ ಗಿರಿಜಮ್ಮನವರ ಕಾಲಿಗೆ ಡಿಕ್ಕಿ ಹೊಡೆದು ನಿಂತ. ಆಜ್ಞೆ ಬರೆಯುವಾಗ ಎರಡು ಜಡೆಯವಳು ತಿರುವು ಮರೆತಿದ್ದಳು, ಅಷ್ಟೇ ಕಾರಣ. ಅವರು ಬಗ್ಗಿ, ಅದನ್ನು ತರಗತಿಯ ಕಡೆಗೆ ತಿರುಗಿಸಿ ಬಿಟ್ಟು, “ಹೋಗಪ್ಪ,” ಎಂದರು.

ರಜೆಯ ದಿನವೂ ಬೀಗ ಹಾಕಿದ ಕೋಣೆಯಿಂದ ತಾವು ರಾಗ ಕೇಳಿದ್ದಾಗಿ ರುದ್ರಪ್ಪನವರು ನನ್ನನ್ನು ಬಸ್ಸಿಗೆ ಹತ್ತಿಸುವಾಗ ಹೇಳಿದರು. ಬ್ಯಾಟರಿ ಇಳಿದಾಗಲೂ ಯಂತ್ರ ಕೂಗುತ್ತದೆ ಸಾರ್ ಎಂದೆ. ಅವರು ಒಪ್ಪಿದಂತೆ ತಲೆಯಾಡಿಸಿದರು. ಬ್ಯಾಟರಿಯ ಕೂಗಿನಲ್ಲಿ ರಾಗ ಇರುವುದಿಲ್ಲವೆಂದು ನಾನು ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊಳಲ್ಕೆರೆ ಬರುವವರೆಗೂ ಅದನ್ನೇ ಯೋಚಿಸುತ್ತಿದ್ದೆ.

ದುರ್ಗದ ಪ್ರದರ್ಶನದಲ್ಲಿ ಆ ಹುಡುಗಿಯರಿಗೆ ಬಹುಮಾನ ಬರಲಿಲ್ಲ. ನಡುದಾರಿಯಲ್ಲಿ ಬಸವನ ಒಂದು ಗಾಲಿ ಕಳಚಿ ತೀರ್ಪುಗಾರರ ಕುರ್ಚಿಯಡಿ ಉರುಳಿತು. ಆದರೆ ಓಡಿಸಿದ್ದಂತೂ ನಿಜ, ಬಸವ ಅವರ ಶಾಲೆಯಲ್ಲೇ ಉಳಿದ.

ಮರುವರ್ಷ ಮುಂಗಾರಿನಲ್ಲಿ ಶಾಲೆಯ ಫೋನಿನಿಂದ ಗಿರಿಜಮ್ಮ ಕರೆ ಮಾಡಿದರು. ಬಿರುಗಾಳಿಗೆ ಕಂಬ ಬಿದ್ದು ಊರಿಗೆ ಕರೆಂಟು ಇರಲಿಲ್ಲವಂತೆ, ಮೊಬೈಲು ಆರಿಹೋಯಿತಂತೆ. ಕರೆಂಟು ಬಂದ ಮೇಲೆ ಹಚ್ಚಿದರೆ, ಹೆದರಿದ್ದಂತೆಯೇ, ಅಂಕಿ ಕೇಳುತ್ತ ಕುಳಿತಿದೆಯಂತೆ. ದುರ್ಗದಲ್ಲಿ ಅಂಥದ್ದನ್ನು ಬಿಚ್ಚಿಕೊಡುವ ಅಂಗಡಿಗಳಿವೆ, ನಾನೇ ತೆಗೆದುಕೊಂಡು ಹೋಗುತ್ತೇನೆ ಎಂದೆ.



“ಬ್ಯಾಡ ಬಿಡ್ರಿ. ಇಷ್ಟು ವರ್ಷ ಸಂಸಾರ ಮಾಡಿದ್ವಿ. ಅವ್ರು ನನಗೆ ಹೇಳ್ದೆ ಇಟ್ಕಂಡಿದ್ದು ಅದೊಂದೇ ಅನ್ಸುತ್ತೆ. ಇಟ್ಕಳ್ಳಿ. ಮೆಸೇಜು ನನಗೆ ಬಾಯಿಗೇ ಬರ್ತಾವೆ,” ಎಂದರು. ಆಮೇಲೆ ದನಿ ಬದಲಾಯಿತು. “ನಾನು ಫೋನ್ ಮಾಡಿದ್ದು ಬ್ಯಾರೆ ವಿಷ್ಯಕ್ಕೆ. ನಮಗೆ ಹೊಸ ರೋಬೋ ಒಂದು ಬಂತಲ್ಲ, ಅದನ್ನ ಲ್ಯಾಪ್‌ಟಾಪಿಗೆ ನಾನೇ ಜೋಡಿ ಮಾಡ್ದೆ. ಹೊಸ ಸೈನ್ಸ್ ಮೇಷ್ಟ್ರು ಇನ್ನೂ ಬಂದಿಲ್ಲ, ಹುಡುಗೀರು ಬಿಡ್ಲಿಲ್ಲ.”

ನನ್ನ ಹೊಟ್ಟೆಪಾಡಿಗೇ ಕಲ್ಲು ಬಿದ್ದರೂ ಖುಷಿಯಾಯಿತು. “ಭೇಷ್! ಗುಟ್ಟಿನ ಅಂಕಿ ಏನು ಇಟ್ರಿ ಮೇಡಂ?” ಎಂದೆ.

“ಅದನ್ನ ಮಾತ್ರ ಹೇಳಲ್ಲ,” ಎಂದು ಗಿರಿಜಮ್ಮ ನಕ್ಕು ಫೋನ್ ಇಟ್ಟರು.